ಸ್ಯಾಂಕಿ ನಾಗಪುರದಲ್ಲಿ ಕಟ್ಟಿದ ಚರ್ಚು

ಬೆಂಗಳೂರಿನ ಸ್ಯಾಂಕಿ ಕೆರೆಯ ಏರಿಯ ಮೇಲೆ ಸಂಜೆ ತಿರುಗಾಡುವವರಿಗೂ ಕಬ್ಬನ್ ಉದ್ಯಾನದ ಅಂಚಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡವಾದ ಅಠಾರಾ ಕಚೇರಿಗೆ ದಿನವೂ ಹೋಗಿಬರುವ ವಕೀಲರಿಗೂ ರಿಚರ್ಡ್ ಸ್ಯಾಂಕಿಯ ಹೆಸರು ಅಪರಿಚಿತವಲ್ಲ. ಆದರೆ ಐರ್ಲೆಂಡಿನಲ್ಲಿ ಹುಟ್ಟಿ ಮದರಾಸಿನ ಇಂಜಿನಿಯರ್ ದಳವನ್ನು ಸೇರಿದ ಈತನು, ಬೆಂಗಳೂರಿನ ಈ ಕೆಲಸಗಳಿಗೆ ಬಹು ಮುಂಚೆ, ಇನ್ನೂ ಇಪ್ಪತ್ತೆರಡರ ತರುಣನಾಗಿದ್ದಾಗ ನಾಗಪುರದಲ್ಲೊಂದು ಸಣ್ಣ ಚರ್ಚನ್ನು ಕಟ್ಟಿಸಿದನೆಂಬುದನ್ನು ಬಲ್ಲವರು ವಿರಳ. ಸದರ್ ಪ್ರದೇಶದ ಆಲ್ ಸೇಂಟ್ಸ್ ಕೆಥೆಡ್ರಲಿನ ಮೂಲ ಅದೇ. ಅದರ ಜನ್ಮವರ್ಷ 1851.

ಆ ಇಸವಿಯಲ್ಲಿ ನಾಗಪುರವಿನ್ನೂ ಭೋಂಸಲೆಯವರ ರಾಜಧಾನಿ. 1817ರ ಸೀತಾಬರ್ಡಿ ಯುದ್ಧದ ತರುವಾಯ ಅಧಿಕಾರದ ಸೂತ್ರಗಳು ಬ್ರಿಟಿಷ್ ರೆಸಿಡೆಂಟನ ಕೈಸೇರಿದ್ದುವಾದರೂ, ಮೂರನೆಯ ರಘೂಜಿಯು 1853ರಲ್ಲಿ ಪುತ್ರಹೀನನಾಗಿ ಮೃತನಾಗಿ, ಮರುವರ್ಷ ಗವರ್ನರ್ ಜನರಲ್ ಡಾಲ್‌ಹೌಸಿಯು ರಾಜ್ಯವನ್ನು ವಶಪಡಿಸಿಕೊಳ್ಳುವವರೆಗೆ ಸಿಂಹಾಸನವಂತೂ ಉಳಿದಿತ್ತು. ಆದುದರಿಂದ ಈ ಮಂದಿರವು ಪರರಾಜ್ಯದಲ್ಲಿ ಬಿಡಾರ ಹೂಡಿದ್ದ ಕೆಲವೇ ಅಧಿಕಾರಿಗಳ, ಸೈನಿಕರ ಪ್ರಾರ್ಥನೆಗೆಂದು ಎದ್ದದ್ದೇ ಹೊರತು ಊರ ಜನರಿಗಾಗಿ ಅಲ್ಲ. ಊರಿನೊಡನೆ ನಿಜವಾಗಿ ಬೆರೆತವನು 1845ರಲ್ಲಿ ಬಂದ ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಾಪ್; ಶಾಲೆ ತೆರೆದವನೂ, ಈ ನೆಲದ ಶಿಲೆಗಳನ್ನೂ ಜೀವಾವಶೇಷಗಳನ್ನೂ ಹುಡುಕಿ ವಿದ್ವಾಂಸರಿಗೆ ಪರಿಚಯಿಸಿದವನೂ ಅವನೇ. ಸ್ಯಾಂಕಿಗೂ ಈ ಭೂವಿಜ್ಞಾನದ ಗೀಳು ತಟ್ಟಿತ್ತು. ಕಲ್ಲಿನ ಮನೆ ಕಟ್ಟುವವನು ಕಲ್ಲಿನ ವಂಶಾವಳಿಯನ್ನು ವಿಚಾರಿಸಿದ್ದು ಸಹಜವೇ ಸರಿ.

ಮಂದಿರದ ಶೈಲಿ ಗಾಥಿಕ್. ಇದರ ತವರು ಫ್ರಾನ್ಸ್; ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸಮೀಪದ ಸೇಂಟ್ ಡೆನಿಸ್ ಮಠದಲ್ಲಿ ಮೈದಳೆದ ಈ ಶೈಲಿ ಕ್ರಮೇಣ ಅಲ್ಲಿಯ ಅನೇಕ ಇಗರ್ಜಿಗಳಿಗೂ ಹಬ್ಬಿ, ಇಂಗ್ಲೆಂಡಿಗೆ ದಾಟಿ, ಏಳು ಶತಮಾನಗಳ ಮೇಲೆ ಇಂಗ್ಲಿಷರ ಜೊತೆ ಇಲ್ಲಿಗೆ ಬಂದಿತು. ಅದರ ಗುಟ್ಟಿರುವುದು ತುದಿ ಚೂಪಾದ ಕಮಾನಿನಲ್ಲಿ: ಅರ್ಧವೃತ್ತದ ಕಮಾನು ತನ್ನ ಮೇಲಿನ ಭಾರವನ್ನು ಅಕ್ಕಪಕ್ಕದ ಗೋಡೆಗಳ ಮೇಲೆ ಬಲವಾಗಿ ತಳ್ಳಿದರೆ, ಚೂಪು ಕಮಾನು ಅದನ್ನು ಹೆಚ್ಚು ನೇರವಾಗಿ ಕೆಳಕ್ಕಿಳಿಸುತ್ತದೆ, ಉಳಿದ ಒತ್ತಡವನ್ನು ಹೊರಗಿನ ಆನಿಕೆಗಂಬಗಳು ತಡೆಯುವುದರಿಂದ ಗೋಡೆಯಲ್ಲಿ ಎತ್ತರದ ಕಿಟಕಿಗಳಿಗೂ ಬಣ್ಣದ ಗಾಜಿಗೂ ಎಡೆ ದೊರೆಯುತ್ತದೆ. ಇದೇ ಸ್ಯಾಂಕಿ ಮುಂದೆ ಬೆಂಗಳೂರಿನಲ್ಲಿ ಅಠಾರಾ ಕಚೇರಿಗೆ ಗ್ರೀಕರ ಕಂಬಸಾಲನ್ನು ಆರಿಸಿಕೊಂಡನು. ಪ್ರಾರ್ಥನೆಗೆ ಗಾಥಿಕ್, ಆಡಳಿತಕ್ಕೆ ಗ್ರೀಕ್ ಎಂಬುದು ಇಲ್ಲಿ ಅವನ ಆಯ್ಕೆ. ಎರಡರಲ್ಲೂ ಈ ದೇಶದ ಶಿಲ್ಪಕ್ಕೆ ಸ್ಥಾನವಿರಲಿಲ್ಲವೆಂಬುದನ್ನೂ ಹೇಳಬೇಕು.

ಕಾಲಕ್ರಮದಲ್ಲಿ ಚರ್ಚು ವಿಸ್ತಾರಗೊಂಡಿತು. 1903ರಲ್ಲಿ ಐರ್ ಚಾಟರ್ಟನ್ ನಾಗಪುರದ ಪ್ರಥಮ ಆಂಗ್ಲಿಕನ್ ಬಿಷಪ್ಪನಾದ ಮೇಲೆ, ದಂಡಿನವರಿಗೆಂದು ಕಟ್ಟಿದ ಮಂದಿರವು ಒಂದು ವಿಶಾಲ ಧರ್ಮಪ್ರಾಂತದ ಪೀಠವಾಯಿತು. ಮಧ್ಯ ಭಾರತದ ಗೊಂಡವಾನ ಪ್ರದೇಶದ ಇತಿಹಾಸವನ್ನು ಗ್ರಂಥವಾಗಿ ಬರೆದ ಆ ಬಿಷಪ್ಪನೂ ಐರ್ಲೆಂಡಿನವನೇ. ದಕ್ಷಿಣದಲ್ಲಿ 1947ರಲ್ಲಿ ಆದಂತೆ ಉತ್ತರದ ಆರು ಪ್ರಾಟೆಸ್ಟಂಟ್ ಸಭೆಗಳು ತಮ್ಮ ಭೇದಗಳನ್ನು ಬದಿಗಿರಿಸಿ ಉತ್ತರ ಭಾರತ ಸಭೆಯಾಗಿ ಒಂದುಗೂಡಿದ್ದು ಕೂಡ ನಾಗಪುರದಲ್ಲಿಯೇ, 1970ರ ನವೆಂಬರ್ 29ರಂದು. ಆಲ್ ಸೇಂಟ್ಸ್ ಇಂದು ಆ ಸಭೆಗೆ ಸೇರಿದೆ. ಕಿತ್ತಳೆಯ ಋತುವಿನಲ್ಲಿ ನಾಗಪುರಕ್ಕೆ ಹೋಗುವ ಕನ್ನಡಿಗರು ಸದರ್‌ಗೂ ಒಮ್ಮೆ ಹೋಗಿ, ನಮ್ಮ ಉಚ್ಚ ನ್ಯಾಯಾಲಯದ ಕಟ್ಟಡವನ್ನು ನಿರ್ಮಿಸಿದವನ ಮೊದಮೊದಲ ಕೆಲಸವನ್ನು ನೋಡಿ ಬರಲಿ.