ದುಬೈಗೆ ಮೂರೂವರೆ ತಾಸು, ಬಜ್ಪೆಗೆ ನಾಲ್ಕು ತಾಸು

ಮಂಗಳೂರಿನಿಂದ ದುಬೈ ಎಷ್ಟು ದೂರ? ಭೂಮಿಯ ಬಾಗನ್ನೂ ಲೆಕ್ಕಕ್ಕೆ ಹಿಡಿದು ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 2,460 ಕಿ.ಮೀ. ಹೆಚ್ಚಿನಂಶ ಅರಬ್ಬಿ ಸಮುದ್ರದ ಮೇಲೇ. ಗಂಟೆಗೆ 830 ಕಿ.ಮೀ. ವೇಗದ ಜೆಟ್‌ಗೆ ಇದು ಮೂರು ತಾಸಿನ ದಾರಿ. ರನ್‌ವೇವರೆಗಿನ ಓಡಾಟ, ಏರೋದು, ಇಳಿಯೋದು ಸೇರಿಸಿದರೆ ಮೂರೂವರೆ.

ಆದರೆ ಟಿಕೆಟ್ ನೋಡಿದರೆ ಬೇರೆಯದೇ ಕತೆ. ಬೆಳಿಗ್ಗೆ 9ಕ್ಕೆ ಹೊರಟರೆ 11ಕ್ಕೆ ದುಬೈ! ಮ್ಯಾಜಿಕ್ ಏನಿಲ್ಲ, ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ವಾಪಸ್ ಬರುವಾಗ ಅದೇ ಒಂದೂವರೆ ತಾಸು ಕೂಡುತ್ತದೆ, ಮೂರೂಕಾಲು ತಾಸಿನ ಪ್ರಯಾಣ ಟಿಕೆಟ್ ಮೇಲೆ ಐದರ ಹತ್ತಿರ ಕಾಣುತ್ತದೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ತಡ, ಬರುವಾಗ ಬೇಗ.

ಟಿಕೆಟ್‌ನಲ್ಲಿ ಇಲ್ಲದ ಲೆಕ್ಕ

ಈಗ ಹೊನ್ನಾವರ ತಾಲೂಕಿನ ಇಡಗುಂಜಿಯಿಂದ ಲೆಕ್ಕ ಶುರು ಮಾಡಿ. ನಕ್ಷೆಯಲ್ಲಿ ನೇರ ಅಳೆದರೆ ದಕ್ಷಿಣಕ್ಕೆ ಬಜ್ಪೆ, ಉತ್ತರಕ್ಕೆ ಗೋವಾದ ದಾಬೋಲಿಂ ಎರಡೂ ಹೆಚ್ಚುಕಮ್ಮಿ 150 ಕಿ.ಮೀ. ವಿಮಾನಕ್ಕೆ ಅದು ಹನ್ನೊಂದು ನಿಮಿಷ. ನಮಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಾಲ್ಕು ತಾಸು. ಮೂರು ತಾಸು ಮೊದಲೇ ಏರ್‌ಪೋರ್ಟ್‌ನಲ್ಲಿರಬೇಕು. ಅಂದರೆ ಹತ್ತೂವರೆ ತಾಸಿನಲ್ಲಿ ಏಳು ತಾಸು ನೆಲದ ಮೇಲೇ ಕಳೀತದೆ.

ಭಟ್ಕಳ, ಹೊನ್ನಾವರದ ಎಷ್ಟೋ ಮನೆಗಳ ಒಲೆ ಉರಿಯೋದು ಗಲ್ಫ್ ದುಡಿಮೆಯಿಂದ. ಮನೆಯಲ್ಲಿ ಸಾವಾದಾಗ ಮಗ ಮಣ್ಣಿಗೆ ಮುಟ್ಟುತ್ತಾನೋ ಇಲ್ಲವೋ ಅನ್ನೋದನ್ನ ಈ ಏಳು ತಾಸು ತೀರ್ಮಾನಿಸುತ್ತದೆ. ಆ ಏಳೂ ಗ್ಯಾರಂಟಿ ಅಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಗೋವಾ ಕಡೆಯ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು.

ಅಂಕೋಲಾ ಏರ್‌ಪೋರ್ಟ್ ಬಂದರೆ?

ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ, ಜೊತೆಗೆ ನಾಗರಿಕ ಟರ್ಮಿನಲ್ ಎಂಬ ಯೋಜನೆ ಇದೆ. ಇಡಗುಂಜಿಗೆ 70 ಕಿ.ಮೀ. ಆಸುಪಾಸು. ಒಳ್ಳೇದೇ. ಆದರೆ ರನ್‌ವೇ ಬಂದ ಮಾತ್ರಕ್ಕೆ ದುಬೈ ವಿಮಾನ ಬರೋದಿಲ್ಲ. ಕಸ್ಟಮ್ಸ್, ಇಮಿಗ್ರೇಷನ್ ಬೇಕು, ಉಭಯ ದೇಶಗಳ ಒಪ್ಪಂದದಲ್ಲಿ ಸೀಟು ಬೇಕು, ಕಂಪನಿಗೆ ಲಾಭ ಕಾಣಬೇಕು. ನೌಕಾನೆಲೆಯಲ್ಲಿ ಮೊದಲ ಹಕ್ಕು ನೌಕಾಪಡೆಯದು. ಸೀಬರ್ಡ್‌ಗೆ ಜಮೀನು ಬಿಟ್ಟವರು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆದದ್ದನ್ನ ಈ ಜಿಲ್ಲೆ ಮರೆತಿಲ್ಲ.

ಹಾಗಾಗಿ ಮುಂದಿನ ಸಲ ಓಟು ಕೇಳಲು ಬಂದವರು "ಏರ್‌ಪೋರ್ಟ್ ತರ್ತೀವಿ" ಅಂದರೆ ಕೇಳಬೇಕಾದ್ದು ಮೂರು: ಯಾವ ಊರಿಗೆ ವಿಮಾನ? ಜಮೀನು ಕೊಟ್ಟವರಿಗೆ ದುಡ್ಡು ಯಾವಾಗ? ಅಲ್ಲೀವರೆಗೆ ಮಳೆಗಾಲದಲ್ಲೂ ಮುಚ್ಚದ ಹೆದ್ದಾರಿಗೆ ಯಾರು ಹೊಣೆ? ಆಕಾಶದ ಮೂರೂವರೆ ತಾಸನ್ನ ಯಾವ ಸರ್ಕಾರವೂ ಕಡಿಮೆ ಮಾಡಲಾರದು. ನೆಲದ ಏಳು ತಾಸನ್ನ ಮಾಡಬಹುದು.