ಕಾವಲಿರುವ ಕಿರುಯಂತ್ರಗಳು

ನೆಲವನ್ನು ಆಳವಾಗಿ ಅಗೆದು ಸುರಂಗವನ್ನೋ ನೆಲಮಾಳಿಗೆಯನ್ನೋ ನಿರ್ಮಿಸುವಾಗ ಸುತ್ತಲಿನ ಮಣ್ಣು ಒಳಕ್ಕೆ ಕುಸಿಯಲು ಸದಾ ಹವಣಿಸುತ್ತಿರುತ್ತದೆ. ಅದನ್ನು ತಡೆಯಲು ಕಾಂಕ್ರೀಟಿನ ಗೋಡೆಗಳನ್ನು ಕಟ್ಟಿ, ಅವು ಬಾಗದಂತೆ ನಡುವೆ ಉಕ್ಕಿನ ಅಡ್ಡತೊಲೆಗಳನ್ನು ಬಿಗಿಯುತ್ತಾರೆ. ಅಗೆತ ಆಳವಾದಂತೆಲ್ಲ ಮಣ್ಣಿನ ಒತ್ತಡ ಹೆಚ್ಚುತ್ತದೆ. ಗೋಡೆ ತುಸುತುಸುವೇ ಬಾಗತೊಡಗುತ್ತದೆ. ಈ ಬಾಗು ಬರಿಗಣ್ಣಿಗೆ ಕಾಣುವ ಹೊತ್ತಿಗೆ ಅಪಾಯವು ಕೈಮೀರಿರಬಹುದು.

ಇಂಥ ಸೂಕ್ಷ್ಮ ಬದಲಾವಣೆಗಳನ್ನು ಅರಿಯುವ ಉಪಕರಣಕ್ಕೆ ಸಂವೇದಕವೆಂದು ಹೆಸರು. ಒಂದು ಬಗೆಯ ಸಂವೇದಕವು ಗೋಡೆಯ ಓಲುವಿಕೆಯನ್ನು ಅಳೆದರೆ, ಇನ್ನೊಂದು ತೊಲೆಯ ಮೇಲಿನ ಒತ್ತಡವನ್ನು ಅಳೆಯುತ್ತದೆ. ಇವನ್ನು ತಂತಿಗಳಿಂದ ಜೋಡಿಸಿದರೆ, ಭಾರಿ ಯಂತ್ರಗಳು ಓಡಾಡುವ ಸ್ಥಳದಲ್ಲಿ ತಂತಿಗಳು ತುಂಡಾಗುವ ಭಯವುಂಟು. ಈ ತೊಡಕನ್ನು ನಿವಾರಿಸುವುದೇ ನಿಸ್ತಂತು ಸಂವೇದಕ ಜಾಲ. ಇದರಲ್ಲಿ ಪ್ರತಿಯೊಂದು ಸಂವೇದಕಕ್ಕೂ ಒಂದು ಕಿರುಪೆಟ್ಟಿಗೆ. ಅದರೊಳಗೆ ಪುಟ್ಟ ಗಣಕ, ರೇಡಿಯೋ ಮತ್ತು ಬ್ಯಾಟರಿ. ಬ್ಯಾಟರಿಯು ಬಹುಕಾಲ ಬಾಳಲೆಂದು ಪೆಟ್ಟಿಗೆಯು ಹೆಚ್ಚು ಹೊತ್ತು ನಿದ್ರಿಸುತ್ತದೆ. ಗೊತ್ತಾದ ವೇಳೆಗೆ ಎಚ್ಚೆತ್ತು, ಅಳತೆ ಮಾಡಿ, ಅದನ್ನು ನೆರೆಯ ಪೆಟ್ಟಿಗೆಗೆ ದಾಟಿಸುತ್ತದೆ. ಸಾಲಾಗಿ ನಿಂತ ಕೆಲಸಗಾರರು ಗಾರೆಯ ಬಾಣಲೆಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಸುದ್ದಿಯು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗಿ ಎಂಜಿನಿಯರರ ಕಚೇರಿಯನ್ನು ಸೇರುತ್ತದೆ. ನಡುವೆ ಒಂದು ಪೆಟ್ಟಿಗೆ ಕೆಟ್ಟರೆ ಸುದ್ದಿಯು ಬೇರೊಂದು ದಾರಿ ಹಿಡಿಯುತ್ತದೆ. ಅಳತೆಯು ಗೊತ್ತುಪಡಿಸಿದ ಮಿತಿಯನ್ನು ದಾಟಿದೊಡನೆ ಎಚ್ಚರಿಕೆಯ ಗಂಟೆ ಮೊಳಗುತ್ತದೆ.

ಆದರೆ ಎಚ್ಚರಿಕೆ ದೊರೆತ ಮಾತ್ರಕ್ಕೆ ಪ್ರಾಣ ಉಳಿಯುವುದೆ? ಸಿಂಗಪುರದಲ್ಲಿ ನಡೆದ ಒಂದು ದುರಂತ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿನ ನಿಕೋಲ್ ಹೆದ್ದಾರಿಯ ಬಳಿ ರೈಲುಮಾರ್ಗದ ಸುರಂಗಕ್ಕಾಗಿ ಸುಮಾರು 30 ಮೀಟರ್ ಆಳಕ್ಕೆ ನೆಲವನ್ನು ಅಗೆಯಲಾಗಿತ್ತು. 2004ರ ಏಪ್ರಿಲ್ 20ರಂದು ಅಡ್ಡತೊಲೆಗಳ ಆಧಾರ ತಪ್ಪಿ ಆ ಗುಂಡಿಯು ಕುಸಿಯಿತು; ಹೆದ್ದಾರಿಯೂ ಕುಸಿಯಿತು; ನಾಲ್ವರು ಮಡಿದರು. ಅಲ್ಲಿ ಅಳೆಯುವ ಉಪಕರಣಗಳು ಇಲ್ಲದಿರಲಿಲ್ಲ. ಗೋಡೆಯು ಮಿತಿಮೀರಿ ಬಾಗಿದುದನ್ನು ಅವು ಮೊದಲೇ ತೋರಿಸಿದ್ದವು. ಆದರೆ ಲೆಕ್ಕವನ್ನು ಮತ್ತೆ ಮಾಡಿ, ಮಿತಿಯನ್ನೇ ಮೇಲಕ್ಕೇರಿಸಿ, ಕೆಲಸವನ್ನು ಮುಂದುವರಿಸಲಾಗಿತ್ತು. ಅಂದು ಬೆಳಿಗ್ಗೆ ತೊಲೆಗಳ ಕಡೆಯಿಂದ ವಿಚಿತ್ರ ಸದ್ದುಗಳೂ ಕೇಳಿಬಂದಿದ್ದವು. ಎಚ್ಚರಿಕೆಗಳನ್ನು ಕಡೆಗಣಿಸಿದುದನ್ನು ವಿಚಾರಣಾ ಸಮಿತಿಯು 2005ರ ತನ್ನ ವರದಿಯಲ್ಲಿ ಎತ್ತಿ ತೋರಿಸಿತು.

ನಿಸ್ತಂತು ಜಾಲವು ಸುದ್ದಿಯನ್ನು ಬೇಗ ಮುಟ್ಟಿಸಬಲ್ಲುದು. ಹಗಲಿರುಳೂ ದಣಿಯದೆ ಕಾವಲಿರಬಲ್ಲುದು. ಆದರೆ ಕೆಲಸವನ್ನು ನಿಲ್ಲಿಸಿ ಎಲ್ಲರನ್ನೂ ಮೇಲಕ್ಕೆ ಕರೆಯುವ ನಿರ್ಧಾರ ಮನುಷ್ಯನದು. ಕಾವಲುಗಾರನ ಕೂಗನ್ನು ಕೇಳಿ ಏಳುವವರಿದ್ದಾಗಲೇ ಆ ಕಾವಲು ಸಾರ್ಥಕವಾಗುತ್ತದೆ.