ನೇರಳೆ ಬಣ್ಣ ಎಲ್ಲಿ ಹೋಯಿತು?

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಮರೆಯುವುದಿಲ್ಲ. ಬ್ಯೂರೆಟ್ಟಿನಲ್ಲಿ ಕಡು ನೇರಳೆ ದ್ರಾವಣ. ಕೆಳಗೆ ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಸಲ್ಫ್ಯೂರಿಕ್ ಆಮ್ಲ ಬೆರೆಸಿ 60 ಡಿಗ್ರಿಗೆ ಕಾಯಿಸಿದ ಆಕ್ಸಾಲಿಕ್ ಆಮ್ಲ. ಮೊದಲ ಹನಿ ಬಿದ್ದಾಗ ಎಷ್ಟು ಕುಲುಕಿದರೂ ಬಣ್ಣ ಬೇಗ ಹೋಗದು. ಇನ್ನೊಂದಿಷ್ಟು ಹನಿ ಬೀಳಲಿ, ಆಮೇಲೆ ಬಿದ್ದದ್ದೆಲ್ಲ ಕ್ಷಣದಲ್ಲಿ ಮಾಯ. ಮೊದಲ ಹನಿಗಳಿಂದ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಹನಿಗಳಿಗೆ ಕ್ರಿಯಾವರ್ಧಕ. ಹೆತ್ತದ್ದೇ ಆಸರೆಗೆ ಬಂತು ಅನ್ನಿ.

ಬಣ್ಣ ಹೋದದ್ದೆಲ್ಲಿಗೆ ಎಂದು ತಿಳಿಯಲು ಎಲೆಕ್ಟ್ರಾನುಗಳ ಲೆಕ್ಕ ನೋಡಬೇಕು. ಸೋಡಿಯಂ ಕೊಡುವುದು ಒಂದೇ ಎಲೆಕ್ಟ್ರಾನು, ಕ್ಯಾಲ್ಸಿಯಂ ಎರಡು. ಅಲ್ಲಿಗೆ ವ್ಯವಹಾರ ಮುಗಿಯಿತು. ಮ್ಯಾಂಗನೀಸಿನಂಥ ಸಂಕ್ರಮಣ ಲೋಹಗಳ ಲೆಕ್ಕವೇ ಬೇರೆ. ಮ್ಯಾಂಗನೀಸಿನ ಹೊರಗಿನ ಎಸ್ ಕಕ್ಷಕದಲ್ಲಿ 2, ಒಳಗಿನ ಡಿ ಕಕ್ಷಕಗಳಲ್ಲಿ 5 ಎಲೆಕ್ಟ್ರಾನುಗಳಿವೆ. ಎರಡರ ಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲದ್ದರಿಂದ ಎರಡನ್ನೂ ಕೊಟ್ಟೀತು, ಏಳನ್ನೂ ಕೊಟ್ಟೀತು. ಪರ್ಮ್ಯಾಂಗನೇಟಿನಲ್ಲಿ ಏಳೂ ಕೈಬಿಟ್ಟಿವೆ. ಆರು ಹೋದರೆ ಹಸಿರು ಮ್ಯಾಂಗನೇಟ್. ನಾಲ್ಕು ಹೋದರೆ ಡೈಆಕ್ಸೈಡ್, ಲ್ಯಾಬಿನಿಂದ ಬಂದ ಮೇಲೂ ಬೆರಳಿಗಂಟಿರುವ ಕಂದು ಕಲೆ, ನಿಂಬೆರಸಕ್ಕೆ ಬಿಡುತ್ತದೆ. ಫ್ಲಾಸ್ಕಿನ ತಿಳಿದ್ರಾವಣದಲ್ಲಿ ಹೋಗಿರುವುದು ಎರಡೇ.

ಡಿ ಎಲೆಕ್ಟ್ರಾನುಗಳ ಜಿಗಿತವೇ ಬಣ್ಣಕ್ಕೆ ಕಾರಣ ಎಂದು ಗೈಡುಗಳು ಒಂದೇ ಸಾಲಿನಲ್ಲಿ ಉರು ಹೊಡೆಸುತ್ತವೆ. ಮೈಲುತುತ್ತದ ನೀಲಿಗೆ ಅದು ಸರಿ. ಆದರೆ ಪರ್ಮ್ಯಾಂಗನೇಟಿನ ಲೋಹದಲ್ಲಿ ಜಿಗಿಯಲು ಡಿ ಎಲೆಕ್ಟ್ರಾನೇ ಉಳಿದಿಲ್ಲ! ಅಲ್ಲಿ ಸುತ್ತಲಿನ ಆಕ್ಸಿಜನ್ನಿನ ಎಲೆಕ್ಟ್ರಾನು ಹಸಿರು ಬೆಳಕನ್ನು ನುಂಗಿ ಲೋಹದತ್ತ ಹಾರುತ್ತದೆ; ನಮ್ಮ ಕಣ್ಣಿಗೆ ಉಳಿಯುವುದು ನೇರಳೆ. ಫ್ಲಾಸ್ಕಿನಲ್ಲಿ ಉಳಿದ, ಐದೂ ಡಿ ಎಲೆಕ್ಟ್ರಾನುಗಳಿರುವ ಮ್ಯಾಂಗನೀಸ್ ಅಯಾನೋ ಬಹುತೇಕ ಬಣ್ಣವಿಲ್ಲದ್ದು. ಐದು ಕಕ್ಷಕಗಳಲ್ಲಿ ಒಂದೊಂದು ಕೂತಿರುವುದರಿಂದ, ಜಿಗಿಯಬೇಕಾದರೆ ಎಲೆಕ್ಟ್ರಾನು ತನ್ನ ಗಿರಕಿಯ ದಿಕ್ಕನ್ನೇ ತಿರುಗಿಸಬೇಕು. ಹಾಗಾಗುವುದು ತೀರಾ ಅಪರೂಪ.

ಈ ಲೋಹದ ಕೆಲಸ ಲ್ಯಾಬಿಗೇ ಮುಗಿಯುವುದಿಲ್ಲ. ಸಂಡೂರಿನ ಬೆಟ್ಟಗಳಲ್ಲಿ ಅಗೆಯುವ ಮ್ಯಾಂಗನೀಸ್ ಅದಿರಿಗೆ ದೊಡ್ಡ ಗಿರಾಕಿ ಉಕ್ಕಿನ ಉದ್ಯಮ. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಉಕ್ಕಿಗೆ ಶೇ 12ರಷ್ಟು ಮ್ಯಾಂಗನೀಸ್ ಸೇರಿಸಿದಾಗ, ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಲೋಹ ಸಿಕ್ಕಿತು. ರೈಲು ಹಳಿಗಳು ಕೂಡುವ ಕ್ರಾಸಿಂಗ್‌ಗಳಲ್ಲಿ ಇವತ್ತಿಗೂ ಅದೇ.

ಆದರೆ ನನಗೆ ಉಕ್ಕಿಗಿಂತ ಎಲೆಯ ಕೆಲಸವೇ ದೊಡ್ಡದು. ಹಸಿರೆಲೆಯೊಳಗೆ 4 ಮ್ಯಾಂಗನೀಸ್, 1 ಕ್ಯಾಲ್ಸಿಯಂ ಪರಮಾಣುಗಳ ಒಂದು ಪುಟ್ಟ ಗುಂಪಿದೆ. ಬೆಳಕಿನ ಕಣ ತಾಗಿದಾಗಲೆಲ್ಲ ಅದು ಒಂದು ಎಲೆಕ್ಟ್ರಾನು ಬಿಟ್ಟುಕೊಡುತ್ತದೆ. ನಾಲ್ಕು ಹೋದ ಮೇಲೆ ಆ ನಾಲ್ಕನ್ನೂ ನೀರಿನಿಂದ ಕಿತ್ತುಕೊಂಡು ಮೊದಲಿನ ಸ್ಥಿತಿಗೆ ಬರುತ್ತದೆ. ಎರಡು ನೀರಿನ ಅಣುಗಳು ಒಡೆದು ಒಂದು ಆಮ್ಲಜನಕದ ಅಣು ಹೊರಬೀಳುತ್ತದೆ.